ಮನೆಯಲ್ಲೇ ಮಾಡಿದ ಎಲೆಕ್ಟ್ರಿಕ್ ಸ್ಕೇಟ್‌ಬೋರ್ಡ್ ಕೆಟ್ಟರೆ: ಮೊದಲು ಜಾಯಿಂಟ್ ನೋಡಿ, ಆಮೇಲೆ ಪಾರ್ಟ್

ಬೆಳಗಾವಿಯಲ್ಲಿ ಕಾಲೇಜು ಹುಡುಗರು ಪ್ರಾಜೆಕ್ಟ್‌ಗೆಂದು ಶುರು ಮಾಡಿ, ಆಮೇಲೆ ಖುಷಿಗಾಗಿ ಮುಂದುವರಿಸುವ ಕೆಲಸಗಳಲ್ಲಿ ಎಲೆಕ್ಟ್ರಿಕ್ ಸ್ಕೇಟ್‌ಬೋರ್ಡ್ ಕೂಡ ಒಂದು. ಮೋಟರ್ ಕೂರಿಸುವ ಪ್ಲೇಟನ್ನು ಉದ್ಯಮಬಾಗದ ಲೇಥಿನವರು ಕೊರೆದು ಕೊಡುತ್ತಾರೆ. ಮೋಟರ್, ಇಎಸ್‌ಸಿ (ಮೋಟರಿನ ವೇಗ ನಿಯಂತ್ರಿಸುವ ಸರ್ಕ್ಯೂಟ್), ರಿಮೋಟ್ ಆನ್‌ಲೈನಿನಲ್ಲಿ ಬರುತ್ತವೆ. ಬ್ಯಾಟರಿ ಪ್ಯಾಕ್ ಮನೆಯಲ್ಲೇ ತಯಾರಾಗುತ್ತದೆ. ಎಲ್ಲ ಜೋಡಿಸಿ ಮೊದಲ ಸಲ ಓಡಿಸಿದಾಗ ಆಗುವ ಸಂತೋಷ ದೊಡ್ಡದು. ಆಮೇಲೆ ಒಂದು ದಿನ ಬೋರ್ಡ್ ನಿಂತುಬಿಡುತ್ತದೆ. ಆಗ ಮೊದಲು ಕೇಳಿಬರುವ ಮಾತು: "ಸರ, ಇಎಸ್‌ಸಿ ಸುಟ್ಟೈತಿ ಅನ್ಸತೈತ್ರಿ. ಹೊಸಾದ ತರಸೂಣೇನ್ರಿ?"

ಈಗಲೇ ತರಿಸಬೇಡಿ. ಇಎಸ್‌ಸಿ ಸುಡುವುದುಂಟು, ನಿಜ. ಆದರೆ ನಾನು ಬಿಚ್ಚಿ ನೋಡಿದ ಬೋರ್ಡ್‌ಗಳಲ್ಲಿ ಬಹಳಷ್ಟರ ತೊಂದರೆ ದುಬಾರಿ ಪಾರ್ಟಿನಲ್ಲಿ ಇರಲಿಲ್ಲ. ಎರಡು ವೈರ್ ಸೇರುವ ಜಾಗದಲ್ಲಿತ್ತು. ಸಡಿಲವಾದ ಪಿನ್, ಸರಿಯಾಗಿ ಕರಗದ ಸೋಲ್ಡರ್, ಸ್ಲೀವಿನ ಒಳಗೆ ತುಂಡಾದ ವೈರ್, ಇಂಥವೇ ಜಾಸ್ತಿ. ಇವಕ್ಕೆ ಖರ್ಚು ತೀರಾ ಕಡಿಮೆ. ಹುಡುಕುವ ತಾಳ್ಮೆ ಬೇಕು, ಅಷ್ಟೇ.

ಇಲ್ಲಿ ಕೊಟ್ಟಿರುವ ಅಂಕಿಗಳೆಲ್ಲ 10 ಸೆಲ್ ಸಾಲಾಗಿ ಜೋಡಿಸಿದ ಲಿಥಿಯಂ ಅಯಾನ್ ಪ್ಯಾಕಿಗೆ ಸೇರಿದವು. ಅದನ್ನೇ 10 ಎಸ್ ಪ್ಯಾಕ್ ಅನ್ನುತ್ತೇವೆ. ಪೂರ್ತಿ ತುಂಬಿದಾಗ 42 ವೋಲ್ಟ್, ಅರ್ಧದ ಆಸುಪಾಸು 36ರಿಂದ 37, ಖಾಲಿಯಾಗುವ ಹೊತ್ತಿಗೆ 32, ಕನಿಷ್ಠ ಅಂದರೆ 30. ನಿಮ್ಮದು 12 ಎಸ್ ಆಗಿದ್ದರೆ ಒಂದು ಸೆಲ್ಲಿನ ಲೆಕ್ಕ ಹಿಡಿದು ಗುಣಿಸಿಕೊಳ್ಳಿ: ತುಂಬಿದ ಸೆಲ್ 4.2 ವೋಲ್ಟ್, ಖಾಲಿ ಸೆಲ್ 3.0 ವೋಲ್ಟ್.

ಕೈ ಹಾಕುವ ಮೊದಲು

ಒಂದು ಸಾದಾ ಡಿಜಿಟಲ್ ಮಲ್ಟಿಮೀಟರ್ ಸಾಕು. ಡಿಸಿ ವೋಲ್ಟ್ 200ರ ರೇಂಜಿನಲ್ಲಿ ಇಡಿ. ಕೆಂಪು ಪ್ರೋಬ್ ಯಾವ ತೂತಿನಲ್ಲಿದೆ ಅಂತ ಪ್ರತಿ ಸಲವೂ ನೋಡಿ. ಅದು 10 ಆಂಪಿಯರ್ ತೂತಿನಲ್ಲಿದ್ದಾಗ ಬ್ಯಾಟರಿಗೆ ಮುಟ್ಟಿಸಿದರೆ ಪ್ಯಾಕನ್ನು ನೇರವಾಗಿ ಶಾರ್ಟ್ ಮಾಡಿದ ಹಾಗೆ. ಪ್ರೋಬ್ ತುದಿ ಕರಗುತ್ತದೆ, ಕೈ ಸುಡುತ್ತದೆ.

ಉಂಗುರ, ಕಡಗ, ಲೋಹದ ಪಟ್ಟಿಯ ವಾಚ್ ತೆಗೆದಿಡಿ. 42 ವೋಲ್ಟ್ ಶಾಕ್ ಹೊಡೆಯುವುದು ಕಡಿಮೆ. ಆದರೆ ಪ್ಲಸ್-ಮೈನಸ್ ನಡುವೆ ಉಂಗುರ ಸಿಕ್ಕರೆ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ. ಬೋರ್ಡನ್ನು ತಲೆಕೆಳಗಾಗಿ, ಚಕ್ರಗಳು ಮೇಲೆ ಬರುವಂತೆ ಎರಡು ಇಟ್ಟಿಗೆಯ ಮೇಲೆ ಇಡಿ. ಬೆಲ್ಟ್ ಇರುವ ಬೋರ್ಡಿನಲ್ಲಿ ಬೆರಳು ಬೆಲ್ಟಿನ ಹತ್ತಿರ ಹೋಗಬಾರದು. ಬ್ಯಾಟರಿ ತೆಗೆದ ಮೇಲೂ ಇಎಸ್‌ಸಿಯ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ. ಹಾಗಾಗಿ ಒಂದೆರಡು ನಿಮಿಷ ಬಿಟ್ಟು ಮುಟ್ಟಿ.

ಈ ನಾಲ್ಕರಲ್ಲಿ ಒಂದು ಕಂಡರೂ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ: ಸುಮ್ನೆ ಇಟ್ಟಿದ್ದ ಪ್ಯಾಕ್ ಬಿಸಿಯಾಗಿದೆ, ನೇಲ್ ಪಾಲಿಶ್‌ನಂಥ ಸಿಹಿ ಘಾಟು ವಾಸನೆ ಬರುತ್ತಿದೆ, ಸುಂಯ್ ಅನ್ನುವ ಸದ್ದಿದೆ, ಪೌಚ್ ಸೆಲ್ ಉಬ್ಬಿದೆ. ಹೊಗೆ ಬಂದಿಲ್ಲದಿದ್ದರೆ ಬೋರ್ಡನ್ನು ಹೊರಗೆ, ಗಾಡಿ ಮತ್ತು ಗೋಡೆಯಿಂದ ದೂರ, ಬರಿ ನೆಲದ ಮೇಲೆ ಇಡಿ. ಹೊಗೆ ಶುರುವಾಗಿದ್ದರೆ ಎತ್ತಲು ಹೋಗಬೇಡಿ. ಮನೆಯವರನ್ನೆಲ್ಲ ಹೊರಗೆ ಕರೆದುಕೊಂಡು ಬಂದು 101 ಅಥವಾ 112ಕ್ಕೆ ಫೋನ್ ಮಾಡಿ. ಆ ಹೊಗೆ ವಿಷ.

ಸ್ವಿಚ್ ಒತ್ತಿದರೂ ಲೈಟೇ ಬರುತ್ತಿಲ್ಲ

ಮೊದಲು ಕನೆಕ್ಟರ್. ನಮ್ಮ ಬೋರ್ಡ್‌ಗಳಲ್ಲಿ ಬ್ಯಾಟರಿಗೂ ಇಎಸ್‌ಸಿಗೂ ನಡುವೆ ಸಾಮಾನ್ಯವಾಗಿ ಹಳದಿ ಬಣ್ಣದ ಎಕ್ಸ್‌ಟಿ 60 ಅಥವಾ ಎಕ್ಸ್‌ಟಿ 90 ಇರುತ್ತದೆ. ಬಿಚ್ಚಿ, ಪಿನ್ ನೋಡಿ, ಪೂರ್ತಿ ಒಳಗೆ ಹೋಗುವಂತೆ ಒತ್ತಿ. ಆಂಟಿ ಸ್ಪಾರ್ಕ್ (ಕಿಡಿ ತಡೆಯುವ) ನಮೂನೆಯ ಎಕ್ಸ್‌ಟಿ 90 ಆಗಿದ್ದರೆ ಪೂರ್ತಿ ಒತ್ತದೆ ಅರ್ಧಕ್ಕೇ ಬಿಟ್ಟರೂ ಲೈಟ್ ಬರಬಹುದು. ಯಾಕೆಂದರೆ ಅರ್ಧದಲ್ಲಿ ಕರೆಂಟ್ ಒಂದು ಸಣ್ಣ ರೆಸಿಸ್ಟರ್ ಮೂಲಕ ಹರಿಯುತ್ತದೆ. ಥ್ರಾಟಲ್ ಕೊಟ್ಟ ಕೂಡಲೇ ಸಾಯುತ್ತದೆ. ಹೀಗಾದರೆ ದೋಷವೇ ಇಲ್ಲ, ಇನ್ನಷ್ಟು ಒತ್ತಬೇಕು ಅಷ್ಟೇ.

ಆಮೇಲೆ ಮೀಟರ್. ಪ್ಯಾಕಿನ ಔಟ್‌ಪುಟ್ ಕನೆಕ್ಟರಿನಲ್ಲಿ ಅಳೆಯಿರಿ.

33ರಿಂದ 42ರ ಒಳಗೆ ಬಂದರೆ ಪ್ಯಾಕ್ ಕರೆಂಟ್ ಕೊಡುತ್ತಿದೆ. ತೊಂದರೆ ಸ್ವಿಚ್ಚಿನಲ್ಲೋ ಇಎಸ್‌ಸಿಯಲ್ಲೋ ಇದೆ. ಸ್ವಿಚ್ ಗುಂಡಿಯ ಸಣ್ಣ ವೈರುಗಳು ಬೆಸುಗೆ ಹಾಕಿದ ಬುಡದಲ್ಲೇ ತುಂಡಾಗುತ್ತವೆ, ಅಲ್ಲಿ ಮೊದಲು ನೋಡಿ.

ಸೊನ್ನೆಯೋ, 5-10 ವೋಲ್ಟ್‌ನಂಥ ಅರ್ಥವಿಲ್ಲದ ಅಂಕಿಯೋ ಬಂದರೆ ಬಿಎಂಎಸ್, ಅಂದರೆ ಪ್ಯಾಕಿನ ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್, ಬಾಗಿಲು ಮುಚ್ಚಿರಬಹುದು. ಪ್ಯಾಕಿನ ಪ್ಲಸ್ಸಿಗೆ ಕೆಂಪು ಪ್ರೋಬ್ ಹಿಡಿದು, ಕಪ್ಪನ್ನು ಬಿಎಂಎಸ್ ಮೇಲಿನ 'ಬಿ ಮೈನಸ್' (ಸೆಲ್ ಕಡೆಯ ಮೈನಸ್) ಬಿಂದುವಿಗೆ ಮುಟ್ಟಿಸಿ. ನಂತರ 'ಪಿ ಮೈನಸ್'ಗೆ (ಔಟ್‌ಪುಟ್ ಕಡೆಯ ಮೈನಸ್). ಮೊದಲನೆಯದರಲ್ಲಿ 37, ಎರಡನೆಯದರಲ್ಲಿ ಸೊನ್ನೆ ಬಂದರೆ ಸೆಲ್‌ಗಳಲ್ಲಿ ಚಾರ್ಜ್ ಇದೆ, ಬಿಎಂಎಸ್ ತಡೆಹಿಡಿದಿದೆ ಎಂದು ಅರ್ಥ. ಕೆಲವು ಬಿಎಂಎಸ್‌ಗಳು ಒಮ್ಮೆ ಕಟ್ ಆದರೆ ಚಾರ್ಜರ್ ಹಾಕುವ ತನಕ ತೆರೆಯುವುದಿಲ್ಲ. ಚಾರ್ಜರ್ ಒಂದು ನಿಮಿಷ ಹಾಕಿ ತೆಗೆದು ನೋಡಿ. ಜೀವ ಬಂದರೆ ಸಂತೋಷ, ಆದರೆ ಯಾಕೆ ಕಟ್ ಆಯಿತು ಅನ್ನುವ ಪ್ರಶ್ನೆ ಹಾಗೇ ಇದೆ. ಕೆಳಗೆ 'ಏರಿನಲ್ಲಿ' ಅನ್ನುವ ಭಾಗ ಓದಿ. ಬಿಎಂಎಸ್ ತೊಂದರೆ ಕೊಡುತ್ತಿದೆ ಅಂತ ಅದನ್ನು ಕಿತ್ತು ನೇರ ವೈರ್ ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ತಡೆಯೇ ನಿಮ್ಮ ಮನೆಯನ್ನು ಕಾಯುತ್ತಿರುವುದು.

ಚಾರ್ಜರ್ ಹಾಕಿದ ಕೂಡಲೇ ಹಸಿರು ಲೈಟ್

ಕೆಂಪು ಅಂದರೆ ತುಂಬುತ್ತಿದೆ, ಹಸಿರು ಅಂದರೆ ತುಂಬಿತು ಅಥವಾ ಕರೆಂಟ್ ಒಳಗೆ ಹೋಗುತ್ತಲೇ ಇಲ್ಲ. ಖಾಲಿ ಪ್ಯಾಕಿಗೆ ಹಾಕಿದ ಕೂಡಲೇ ಹಸಿರು ಬಂದರೆ ಎರಡನೆಯದೇ ಸರಿ.

ಬೋರ್ಡಿಗೆ ಹಾಕದೆ ಚಾರ್ಜರ್ ತುದಿಯಲ್ಲಿ ಅಳೆಯಿರಿ. 42 ವೋಲ್ಟ್ ಬರಬೇಕು. ಬಂದರೆ ಚಾರ್ಜಿಂಗ್ ಪೋರ್ಟ್ ಒಳಗಿನ ವೈರ್ ನೋಡಿ. ದಿನಾ ಚುಚ್ಚಿ ತೆಗೆಯುವ ಜಾಗ ಅದು, ಹಾಗಾಗಿ ಬುಡದ ಸೋಲ್ಡರ್ ಬೇಗ ಬಿಡುತ್ತದೆ. ಪೋರ್ಟಿನ ಫ್ಯೂಸ್ ಹಾರಿರಬಹುದು. ಇವೆರಡೂ ಸರಿಯಿದ್ದರೆ ಯಾವುದೋ ಒಂದು ಸೆಲ್ ಗುಂಪು (ಸಾಲಿನ ಹತ್ತು ಸ್ಥಾನಗಳಲ್ಲಿ ಒಂದು) 4.2 ದಾಟಿ, ಬಿಎಂಎಸ್ ಚಾರ್ಜಿಂಗ್ ನಿಲ್ಲಿಸಿರಬಹುದು.

ಇಲ್ಲೊಂದು ಮಾತು ಒತ್ತಿ ಹೇಳಬೇಕು. ಈಗ ಮನೆಮನೆಯಲ್ಲಿ ಎಲೆಕ್ಟ್ರಿಕ್ ಸೈಕಲ್, ಸ್ಕೂಟರ್ ಚಾರ್ಜರ್‌ಗಳಿವೆ. ಪಿನ್ ಒಂದೇ ತರ ಇರುತ್ತದೆ, ವೋಲ್ಟ್ ಬೇರೆ. 48 ವೋಲ್ಟಿನ 13 ಎಸ್ ಸೈಕಲ್ ಚಾರ್ಜರ್ 54.6 ವೋಲ್ಟ್ ಕೊಡುತ್ತದೆ. ಅದನ್ನು 42 ವೋಲ್ಟಿನ ಪ್ಯಾಕಿಗೆ ಹಾಕಿದರೆ ನಡುವೆ ಉಳಿಯುವುದು ಬಿಎಂಎಸ್ ಒಂದೇ. ಅದು ಕೈ ಕೊಟ್ಟರೆ ಬೆಂಕಿ. ಚಾರ್ಜರ್ ಮೇಲೆ ದಪ್ಪ ಅಕ್ಷರದಲ್ಲಿ '42, ಬೋರ್ಡ್' ಅಂತ ಬರೆದು ಅಂಟಿಸಿ. ತಮ್ಮನೋ ತಂಗಿಯೋ ನೀವಿಲ್ಲದಾಗ ಚಾರ್ಜಿಗೆ ಹಾಕಬಹುದು, ಅಲ್ವಾ?

ಗುಂಡಿ, ಹಳಿ, ಹಂಪ್ ಬಂದಾಗ ಮಾತ್ರ ಕಟ್ ಆಗುತ್ತದೆ

ನಮ್ಮ ಊರಿನ ರಸ್ತೆಗಳಿಗೆ ತಕ್ಕ ಕಾಯಿಲೆ ಇದು. ಸ್ಕೇಟ್‌ಬೋರ್ಡಿಗೆ ಸ್ಪ್ರಿಂಗ್ ಇಲ್ಲ, ಗಾಳಿ ತುಂಬಿದ ಟೈರ್ ಕೂಡ ಹೆಚ್ಚಿನವಕ್ಕೆ ಇಲ್ಲ. ಪ್ರತಿ ಕಲ್ಲಿನ ಹೊಡೆತ ನೇರವಾಗಿ ಸೋಲ್ಡರಿಗೆ ತಲುಪುತ್ತದೆ. ಡೆಕ್ ಬಾಗುವ ನಮೂನೆಯದಾದರೆ ಇನ್ನೂ ಕಷ್ಟ. ಪ್ರತಿ ಸಲ ಬಾಗಿದಾಗ ಒಳಗಿನ ವೈರೂ ಬಾಗಬೇಕು.

ಟಿಳಕವಾಡಿಯ ರೈಲ್ವೆ ಗೇಟ್ ದಾಟುವಾಗ ಮಾತ್ರ ಸಾಯುತ್ತಿದ್ದ ಬೋರ್ಡ್ ಒಂದು ನನ್ನ ಹತ್ತಿರ ಬಂದಿತ್ತು. ಉಳಿದೆಡೆ ಚೆನ್ನಾಗಿ ಓಡುತ್ತಿತ್ತು. ಇಎಸ್‌ಸಿ ಆಗಲೇ ಬದಲಿಸಿದ್ದರು, ಕಾಯಿಲೆ ಹಾಗೇ ಇತ್ತು. ಎಕ್ಸ್‌ಟಿ 60ರ ಮೈನಸ್ ಪಿನ್ ಮೇಲಿನ ಕಪ್ಪು ಸ್ಲೀವ್ ಒಂದು ಕಡೆ ಸುಕ್ಕುಗಟ್ಟಿ ಹೊಳೆಯುತ್ತಿತ್ತು. ಬ್ಲೇಡಿನಿಂದ ಸೀಳಿದೆ. ಒಳಗೆ ಸೋಲ್ಡರ್ ಬೂದಿ ಬಣ್ಣಕ್ಕೆ ತಿರುಗಿ ಹರಳು ಹರಳಾಗಿತ್ತು. ವೈರಿನ ಎಳೆಗಳು ಅದರ ಮೇಲೆ ಕೂತಿದ್ದವು, ಒಳಗೆ ಇಳಿದಿರಲಿಲ್ಲ. ಉಗುರಿನಿಂದ ಮೆಲ್ಲಗೆ ಎಳೆದರೆ ಇಡೀ ವೈರ್ ಒಂದು ಮಿಲಿಮೀಟರ್ ಹೊರಗೆ ಬಂದು ಮತ್ತೆ ಒಳಗೆ ಕೂರುತ್ತಿತ್ತು. ಬೋರ್ಡ್ ಹಳಿಯ ಮೇಲೆ ಕುಕ್ಕಿದಾಗ ಆ ಒಂದು ಮಿಲಿಮೀಟರ್ ಬೇರೆಯಾಗುತ್ತಿತ್ತು. ಕಾಯಿಲೆ ಅಷ್ಟೇ.

ಇಂಥ ಜಾಯಿಂಟ್ ಯಾಕೆ ಹುಟ್ಟುತ್ತದೆ ಅಂದರೆ, ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 25 ವ್ಯಾಟಿನ ಸೋಲ್ಡರಿಂಗ್ ಐರನ್. ರೇಡಿಯೋ, ಎಲ್‌ಇಡಿ ಕೆಲಸಕ್ಕೆ ಅದು ಸರಿ. ಬ್ಯಾಟರಿಯ ದಪ್ಪ ತಾಮ್ರದ ವೈರ್ ಮತ್ತು ಕನೆಕ್ಟರಿನ ಹಿತ್ತಾಳೆ ಪಿನ್ ಅದರ ಬಿಸಿಯನ್ನೆಲ್ಲ ಹೀರಿಕೊಂಡುಬಿಡುತ್ತವೆ. ಸೋಲ್ಡರ್ ಮೇಲ್ಗಡೆ ಕರಗುತ್ತದೆ, ಒಳಗೆ ಹರಿಯುವುದಿಲ್ಲ. 60 ವ್ಯಾಟ್ ಅಥವಾ ಅದಕ್ಕಿಂತ ಜಾಸ್ತಿಯ ಐರನ್, ದಪ್ಪ ತುದಿ, ಫ್ಲಕ್ಸ್ ಬೇಕು. ಸರಿಯಾದ ಜಾಯಿಂಟ್ ನಯವಾಗಿ, ಎಳೆಗಳ ಆಕಾರ ಕಾಣುವಂತೆ ಇರುತ್ತದೆ.

ಕೆಟ್ಟ ಜಾಯಿಂಟ್ ಎಷ್ಟು ಹಾನಿ ಮಾಡುತ್ತದೆ ಎಂಬ ಲೆಕ್ಕ ಒಮ್ಮೆ ಮಾಡಿ ನೋಡಿ. ಜಾಯಿಂಟಿನ ರೆಸಿಸ್ಟೆನ್ಸ್ 0.05 ಓಮ್ ಅಂತಿಟ್ಟುಕೊಳ್ಳಿ. ಮೀಟರಿನಲ್ಲಿ ಅದು ಕಾಣುವುದೂ ಇಲ್ಲ, ವೈರ್ ತುಂಡಾಗಿದೆಯೋ ಅಂತ ನೋಡುವ ಮೋಡಿನಲ್ಲಿ ಬೀಪ್ ಬಂದು 'ಸರಿ ಇದೆ' ಅನ್ನುತ್ತದೆ. 30 ಆಂಪಿಯರ್ ಹರಿದಾಗ ಅಲ್ಲಿ 1.5 ವೋಲ್ಟ್ ಕಳೆದುಹೋಗುತ್ತದೆ, 45 ವ್ಯಾಟ್ ಬಿಸಿ ಹುಟ್ಟುತ್ತದೆ. ಅದನ್ನು ಬೆಸುಗೆ ಹಾಕಲು ಬಳಸಿದ ಐರನ್ನಿನ ಬಿಸಿಗಿಂತ ಹೆಚ್ಚು! ಸೋಲ್ಡರ್ ತಾನೇ ಮೆತ್ತಗಾಗುತ್ತದೆ, ಜಾಯಿಂಟ್ ಇನ್ನೂ ಕೆಡುತ್ತದೆ.

ಹಾಗಾಗಿ ಬೀಪನ್ನು ನಂಬಬೇಡಿ. ಒಂದೆರಡು ಕಿಲೋಮೀಟರ್ ಓಡಿಸಿ ಬಂದು, ಆಫ್ ಮಾಡಿ, ಒಂದೊಂದೇ ಕನೆಕ್ಟರನ್ನು ಬೆರಳ ತುದಿಯಿಂದ ಮುಟ್ಟಿ. ಎಲ್ಲ ಒಂದೇ ಹದದಲ್ಲಿದ್ದು ಒಂದು ಮಾತ್ರ ಬಿಸಿಯಾಗಿದ್ದರೆ ಅದೇ ಕಳ್ಳ. ಓಡಿಸುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಚಕ್ರ ಮೇಲೆ ಮಾಡಿ ಆನ್ ಮಾಡಿ, ಒಣ ಮರದ ಕಡ್ಡಿಯಿಂದ ಒಂದೊಂದೇ ವೈರನ್ನು ಅಲುಗಾಡಿಸಿ. ಲೈಟ್ ಮಿಣುಕಿದ ಜಾಗದಲ್ಲಿ ನಿಲ್ಲಿಸಿ.

ದೋಷ ಪ್ಯಾಕಿನ ಒಳಗೇ ಇರಬಹುದು. ನಿಕಲ್ ಪಟ್ಟಿ ಸೆಲ್ಲಿನಿಂದ ಬಿಟ್ಟಿದ್ದರೆ, ಅಥವಾ ಬಾಗುವ ಡೆಕ್ಕಿಗೆ ಗಟ್ಟಿ ಪಟ್ಟಿ ಹಾಕಿ ಅದು ಸೀಳಿದ್ದರೆ ಹೀಗಾಗುತ್ತದೆ. ಸ್ಪಾಟ್ ವೆಲ್ಡಿಂಗ್ ಅಭ್ಯಾಸ ಇಲ್ಲದವರು ಪ್ಯಾಕಿನ ಸುತ್ತುಹಾಳೆ ಬಿಚ್ಚಬಾರದು. ಸೆಲ್ಲಿನ ಪ್ಲಸ್ ತುದಿಯಲ್ಲಿ ಪ್ಲಸ್ಸಿಗೂ ಮೈನಸ್ಸಿಗೂ ನಡುವೆ ಇರುವುದು ಒಂದು ತೆಳು ಪ್ಲಾಸ್ಟಿಕ್ ಪೊರೆ, ಹೆಚ್ಚೆಂದರೆ ಒಂದು ಕಾಗದದ ರಿಂಗ್. ಸ್ಕ್ರೂಡ್ರೈವರ್ ಜಾರಿದರೆ ಸಾಕು. ಸೆಲ್ಲಿಗೆ ನೇರವಾಗಿ ಸೋಲ್ಡರ್ ಹಾಕುವುದಂತೂ ಬೇಡವೇ ಬೇಡ. ಆ ಬಿಸಿಗೆ ಒಳಗಿನ ಪದರ ಹಾಳಾಗುತ್ತದೆ.

ಏರಿನಲ್ಲಿ ಸಾಯುತ್ತದೆ, ಸಪಾಟು ರಸ್ತೆಯಲ್ಲಿ ಸರಿ ಇರುತ್ತದೆ

ಬಾಗಲಕೋಟೆಯ ನವನಗರದಂಥ ಅಗಲ, ನೇರ ರಸ್ತೆಯಲ್ಲಿ ಚೆನ್ನಾಗಿ ಓಡಿದ ಬೋರ್ಡ್ ಬೆಳಗಾವಿಯ ಏರಿಗೆ ಬಂದಾಗ ಕೈ ಕೊಡುವುದುಂಟು. ಏರಿನಲ್ಲಿ ಕರೆಂಟ್ ಜಾಸ್ತಿ ಬೇಕು, ಪ್ಯಾಕಿನ ವೋಲ್ಟ್ ಕುಸಿಯುತ್ತದೆ.

ಶಕ್ತಿ ನಿಧಾನವಾಗಿ ಇಳಿಯುತ್ತದೋ, ಫಕ್ಕನೆ ಹೋಗುತ್ತದೋ, ಇದನ್ನು ಮೊದಲು ಗಮನಿಸಿ. ನಿಧಾನವಾಗಿ ಇಳಿದರೆ ಇಎಸ್‌ಸಿಯೇ ಬ್ಯಾಟರಿಯನ್ನು ಕಾಪಾಡುತ್ತಿದೆ. ಸ್ವೀಡನ್ನಿನ ಬೆಂಜಮಿನ್ ವೆಡ್ಡರ್ ರೂಪಿಸಿದ ವಿಇಎಸ್‌ಸಿ ನಮೂನೆಯ ಕಂಟ್ರೋಲರಿನಲ್ಲಿ ಕಟ್‌ಆಫ್ ಶುರು, ಕಟ್‌ಆಫ್ ಕೊನೆ ಅಂತ ಎರಡು ಅಂಕಿ ಇಡಬೇಕು. 10 ಎಸ್‌ಗೆ 34 ಮತ್ತು 31 ಇಡುವುದು ಸಾಮಾನ್ಯ. 34ಕ್ಕೆ ಇಳಿದ ಮೇಲೆ ಎಳೆತ ಕಡಿಮೆಯಾಗುವುದು ಸರಿಯಾದ ನಡವಳಿಕೆ, ದೋಷ ಅಲ್ಲ.

ಫಕ್ಕನೆ ಹೋದರೆ ಬಿಎಂಎಸ್ ಕಟ್ ಮಾಡಿದೆ. ಮೊಬೈಲಿನಲ್ಲಿ ವಿಇಎಸ್‌ಸಿ ಟೂಲ್ ಅನ್ನುವ ಆ್ಯಪ್ ಇದ್ದರೆ ಓಡುವಾಗಿನ ವೋಲ್ಟ್ ರೆಕಾರ್ಡ್ ಮಾಡಿ ನೋಡಿ. ನಿಂತಾಗ 38 ಇದ್ದದ್ದು ಏರಿನಲ್ಲಿ 35ಕ್ಕೆ ಬಂದರೆ ಸಣ್ಣ ಪ್ಯಾಕಿಗೆ ಅದು ಸಹಜ. 30ಕ್ಕೆ ಬಿದ್ದರೆ ಸೆಲ್ ಹಳತಾಗಿದೆ, ಅಥವಾ ಮತ್ತೆ ಜಾಯಿಂಟ್.

ಯಾವುದು ಅಂತ ತಿಳಿಯಲು ಗುಂಪುಗಳನ್ನು ಒಂದೊಂದಾಗಿ ಅಳೆಯಬೇಕು. ಬಿಎಂಎಸ್‌ಗೆ ಹೋಗುವ ಸಣ್ಣ ವೈರುಗಳ ಗೊಂಚಲಿದೆಯಲ್ಲ, 10 ಎಸ್‌ಗೆ 11 ವೈರ್, ಅದರ ಅಕ್ಕಪಕ್ಕದ ಎರಡೆರಡು ಪಿನ್ ನಡುವೆ ಅಳೆಯಿರಿ. ಪ್ರೋಬ್ ತುದಿಗೆ ಟೇಪ್ ಸುತ್ತಿ, ಚೂಪು ಮಾತ್ರ ಹೊರಗಿರಲಿ. ಹತ್ತು ಅಂಕಿಗಳನ್ನು ಬರೆದುಕೊಳ್ಳಿ. ಎಲ್ಲದರ ನಡುವೆ 0.02, 0.03 ವೋಲ್ಟ್ ವ್ಯತ್ಯಾಸ ಇದ್ದರೆ ಪ್ಯಾಕ್ ಆರೋಗ್ಯವಾಗಿದೆ. 0.1 ದಾಟಿದರೆ ಸಮತೋಲ ತಪ್ಪಿದೆ. ಪೂರ್ತಿ ಚಾರ್ಜ್ ಆದ ಮೇಲೂ ನೀವು ಎದುರಿಗೆ ಇರುವಾಗ ಚಾರ್ಜರನ್ನು ಕೆಲವು ತಾಸು ಹಾಗೇ ಬಿಡಿ. ಸಾಮಾನ್ಯ ಬಿಎಂಎಸ್ ತೀರಾ ಸಣ್ಣ ಕರೆಂಟಿನಲ್ಲಿ ಸಮ ಮಾಡುತ್ತದೆ, ಅದಕ್ಕೆ ಹೊತ್ತು ಬೇಕು. ರಾತ್ರಿ ಹಾಕಿ ಮಲಗಬೇಡಿ.

ಸಮವಾದ ಮೇಲೆ ಎರಡು ಮೂರು ದಿನ ಬೋರ್ಡ್ ಮುಟ್ಟದೆ ಇಟ್ಟು ಮತ್ತೆ ಅಳೆಯಿರಿ. ಒಂದೇ ಗುಂಪು ಕೆಳಗಿಳಿದಿದ್ದರೆ ಅದರಲ್ಲಿ ಸೋರುವ ಸೆಲ್ ಇದೆ. ಯಾವುದಾದರೂ ಗುಂಪು 2.5 ವೋಲ್ಟಿಗಿಂತ ಕೆಳಗೆ ಹೋಗಿದ್ದರೆ ಚಾರ್ಜ್ ಮಾಡಲು ಪ್ರಯತ್ನಿಸಬೇಡಿ. ತೀರಾ ಕೆಳಗಿಳಿದ ಸೆಲ್ಲಿನಲ್ಲಿ ಒಳಗಿನ ತಾಮ್ರ ಕರಗಿ, ಮತ್ತೆ ಚಾರ್ಜ್ ಮಾಡುವಾಗ ಒಳಗೇ ಶಾರ್ಟ್ ಆಗುವ ಅಪಾಯವಿದೆ. ಇಲ್ಲಿಂದ ಮುಂದೆ ಪ್ಯಾಕ್ ಕಟ್ಟುವ ಅನುಭವ ಇರುವವರಿಗೆ ಒಪ್ಪಿಸಿ. ಹಳೆಯ ಸೆಲ್‌ಗಳನ್ನು ಕಸದ ಗಾಡಿಗೆ ಹಾಕುವಂತಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದನ್ನು ಮನೆ ಕಸದಿಂದ ಬೇರೆಯಾಗಿಯೇ ಕೊಡಬೇಕು. ತುದಿಗಳಿಗೆ ಟೇಪ್ ಹಚ್ಚಿ ಕೊಡಿ.

ಮೋಟರ್ ಗಡಗಡ ಅನ್ನುತ್ತದೆ, ತಿರುಗುವುದಿಲ್ಲ

ಕಾಲಿನಿಂದ ತಳ್ಳಿ ವೇಗ ಕೊಟ್ಟ ಮೇಲೆ ಥ್ರಾಟಲ್ ಕೊಡಿ. ಆಗ ನಯವಾಗಿ ಓಡಿದರೆ ಹಾಲ್ ಸೆನ್ಸರ್ ಕಡೆ ನೋಡಿ. ನಿಂತಲ್ಲಿಂದ ಹೊರಡುವಾಗ ರೋಟರ್ ಎಲ್ಲಿದೆ ಅಂತ ಇಎಸ್‌ಸಿಗೆ ಹೇಳುವುದು ಅದೇ. ವೇಗ ಬಂದ ಮೇಲೆ ಅದು ಇಲ್ಲದೆಯೂ ನಡೆಯುತ್ತದೆ. ತಳ್ಳಿದ ಮೇಲೂ ಗಡಗಡ ನಿಲ್ಲದಿದ್ದರೆ ಇಎಸ್‌ಸಿಯಿಂದ ಮೋಟರಿಗೆ ಹೋಗುವ ಮೂರು ದಪ್ಪ ಫೇಸ್ ವೈರುಗಳಲ್ಲಿ ಒಂದು ಬಿಟ್ಟಿದೆ. ಗುಂಡು ಆಕಾರದ ಬುಲೆಟ್ ಕನೆಕ್ಟರ್ ಎಳೆದು ನೋಡಿ. ಸಡಿಲವಾಗಿ ಕೈಗೆ ಬಂದರೆ ಪತ್ತೆಯಾಯಿತು.

ಹಾಲ್ ಸೆನ್ಸರಿನ ಕನೆಕ್ಟರ್ ತೀರಾ ಸಣ್ಣದು, ಕೂದಲಿಗಿಂತ ಸ್ವಲ್ಪ ದಪ್ಪದ ಎಳೆಗಳು. ಒಂದು ಪಿನ್ ಹಿಂದಕ್ಕೆ ಸರಿದಿದ್ದರೂ ಕೆಲಸ ಕೆಡುತ್ತದೆ. ಕಣ್ಣಿಗೆ ಸರಿ ಕಂಡರೆ ಮೀಟರಿಗೆ ಹೋಗಿ: ಫೇಸ್ ವೈರ್ ಮೂರನ್ನೂ ಬಿಚ್ಚಿ, ಒಂದಕ್ಕೊಂದು ತಾಗದಂತೆ ಟೇಪ್ ಹಚ್ಚಿ, ಹಾಲ್ ಕನೆಕ್ಟರ್ ಮಾತ್ರ ಇಎಸ್‌ಸಿಗೆ ಹಾಕಿ ಆನ್ ಮಾಡಿ. ಕೆಂಪು-ಕಪ್ಪು ನಡುವೆ 5 ವೋಲ್ಟ್ ಇರಬೇಕು. ಕಪ್ಪು ವೈರಿನ ಜೊತೆ ಸಿಗ್ನಲ್ ವೈರ್ ಒಂದೊಂದನ್ನೇ ಅಳೆಯುತ್ತ ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸಿ. ಸೊನ್ನೆಗೂ 5ಕ್ಕೂ, ಕೆಲವು ಕಂಟ್ರೋಲರಿನಲ್ಲಿ ಸೊನ್ನೆಗೂ 3.3ಕ್ಕೂ, ಜಿಗಿಯುತ್ತಿರಬೇಕು. ಮೂರರಲ್ಲಿ ಒಂದು ಅಲುಗದೆ ನಿಂತಿದ್ದರೆ ಆ ವೈರ್ ಅಥವಾ ಆ ಸೆನ್ಸರ್ ಹೋಗಿದೆ. ಸೆನ್ಸರ್ ಬದಲಿಸಲು ಮೋಟರ್ ಬಿಚ್ಚಬೇಕು. ಅಲ್ಲಿಯತನಕ ಸೆನ್ಸರ್ ಇಲ್ಲದ ಮೋಡಿಗೆ ಹಾಕಿ, ತಳ್ಳಿ ಹೊರಟು ಓಡಿಸಬಹುದು.

ಆಫ್ ಇದ್ದರೂ ಚಕ್ರ ಬಿಗಿ

ಈ ಲಕ್ಷಣ ಕಂಡರೆ ಇಎಸ್‌ಸಿ ಸುಟ್ಟಿದೆ ಅನ್ನುವ ಅನುಮಾನಕ್ಕೆ ಆಧಾರ ಇದೆ. ಬ್ಯಾಟರಿ ತೆಗೆಯಿರಿ, ಫೇಸ್ ವೈರ್ ಮೂರನ್ನೂ ಬಿಚ್ಚಿ ಬೇರೆ ಬೇರೆ ಇಡಿ, ಚಕ್ರ ತಿರುಗಿಸಿ. ಸಲೀಸಾದರೆ ಮೋಟರ್ ಚೆನ್ನಾಗಿದೆ, ಇಎಸ್‌ಸಿಯಲ್ಲಿ ಮಾಸ್‌ಫೆಟ್ (ಮೋಟರಿಗೆ ಕರೆಂಟ್ ಬಿಡುವ ಎಲೆಕ್ಟ್ರಾನಿಕ್ ಸ್ವಿಚ್) ಶಾರ್ಟ್ ಆಗಿದೆ. ಬಿಚ್ಚಿದ ಮೇಲೂ ಬಿಗಿಯಾಗಿಯೇ ಇದ್ದರೆ ಮೋಟರಿನ ತಾಮ್ರದ ತಂತಿಯ ಸುತ್ತು ಒಳಗೇ ಶಾರ್ಟ್ ಆಗಿದೆ, ಇಲ್ಲವೇ ಬೇರಿಂಗ್ ಹೋಗಿದೆ. ಬಿಚ್ಚಿದ ವೈರ್‌ಗಳಲ್ಲಿ ಎರಡೆರಡನ್ನು ಸೇರಿಸಿ ತಿರುಗಿಸಿದರೆ ಬಿಗಿಯಾಗಬೇಕು. ಮೂರು ಜೋಡಿಯಲ್ಲೂ ಒಂದೇ ಬಿಗಿ ಇರಬೇಕು. ಯಾವುದಾದರೂ ಜೋಡಿ ಸಡಿಲ ಅನಿಸಿದರೆ ಒಂದು ಸುತ್ತು ತುಂಡಾಗಿದೆ.

ಇಎಸ್‌ಸಿಯನ್ನು ಮೀಟರಿನ ಡಯೋಡ್ ಮೋಡಿನಲ್ಲಿ ಖಚಿತ ಮಾಡಿಕೊಳ್ಳಿ. ಕೆಂಪು ಪ್ರೋಬ್ ಇಎಸ್‌ಸಿಯ ಬ್ಯಾಟರಿ ಮೈನಸ್ಸಿಗೆ, ಕಪ್ಪು ಒಂದೊಂದೇ ಫೇಸ್ ವೈರಿಗೆ. ಮೂರೂ ಕಡೆ 0.4ರಿಂದ 0.6ರ ಆಸುಪಾಸು ಒಂದೇ ಅಂಕಿ ಬರಬೇಕು. ನಂತರ ಕಪ್ಪು ಪ್ರೋಬ್ ಬ್ಯಾಟರಿ ಪ್ಲಸ್ಸಿಗೆ, ಕೆಂಪು ಫೇಸ್‌ಗಳಿಗೆ. ಮತ್ತೆ ಮೂರೂ ಒಂದೇ. ಎಲ್ಲಾದರೂ ಸೊನ್ನೆ ಬಂದು ಬೀಪ್ ನಿಲ್ಲದಿದ್ದರೆ ಆ ಮಾಸ್‌ಫೆಟ್ ಹೋಯಿತು. ಅಂಥ ಇಎಸ್‌ಸಿಗೆ ಮತ್ತೆ ಬ್ಯಾಟರಿ ಹಾಕಿ ನೋಡಬೇಡಿ. ಹೊಸ ಇಎಸ್‌ಸಿಗೆ ದುಡ್ಡು ಹಾಕುವುದು ಈ ಅಂಕಿ ಕೈಯಲ್ಲಿ ಬಂದ ಮೇಲೆ.

ಕನೆಕ್ಟರ್ ಹಾಕುವಾಗ ಚಿಟ್ ಅನ್ನುವ ಸಣ್ಣ ಕಿಡಿಗೆ ಹೆದರಬೇಡಿ, ಅದು ಕೆಪಾಸಿಟರ್ ತುಂಬುವ ಕಿಡಿ. ಪಿನ್ ಕರಗಿಸುವಂಥ ದೊಡ್ಡ ಕಿಡಿ ಬಂದರೆ ಶಾರ್ಟ್.

ಇಳಿಜಾರಿನಲ್ಲಿ ಬ್ರೇಕ್ ಬಿಟ್ಟುಹೋಯಿತು

ಈ ಬರಹದಲ್ಲಿ ಒಂದೇ ಭಾಗ ಓದುವಷ್ಟು ಹೊತ್ತಿದ್ದರೆ ಇದನ್ನೇ ಓದಿ.

ಎಲೆಕ್ಟ್ರಿಕ್ ಬ್ರೇಕ್ ಅಂದರೆ ಮೋಟರ್ ಜನರೇಟರ್ ಆಗಿ ಕರೆಂಟನ್ನು ಬ್ಯಾಟರಿಗೆ ವಾಪಸ್ ಕಳಿಸುವುದು. ಬ್ಯಾಟರಿ 42ಕ್ಕೆ ತುಂಬಿದ್ದರೆ ಆ ಕರೆಂಟಿಗೆ ಜಾಗವಿಲ್ಲ. ವೋಲ್ಟ್ ಮೇಲೇರುತ್ತದೆ. ಬಿಎಂಎಸ್ ಸೆಲ್ ಕಾಪಾಡಲು ಸಂಪರ್ಕ ಕಡಿಯಬಹುದು, ಅಥವಾ ಇಎಸ್‌ಸಿ 'ಓವರ್ ವೋಲ್ಟೇಜ್' ಅಂತ ಕೆಲಸ ನಿಲ್ಲಿಸಬಹುದು. ಎರಡರಲ್ಲೂ ಬ್ರೇಕ್ ಹೋಗುತ್ತದೆ, ಅದೂ ಇಳಿಜಾರಿನ ನಡುವೆ. ಬಿಎಂಎಸ್ ಕಡಿದರೆ ಮೇಲೇರಿದ ವೋಲ್ಟಿಗೆ ಇಎಸ್‌ಸಿ ಸುಡಲೂಬಹುದು.

ಹಾಗಾಗಿ, ಮನೆಯಿಂದ ಹೊರಟ ಕೂಡಲೇ ಇಳಿಜಾರು ಇದ್ದರೆ ಪ್ಯಾಕನ್ನು 41 ವೋಲ್ಟಿಗೇ ನಿಲ್ಲಿಸಿ. ಇಎಸ್‌ಸಿ ಸೆಟ್ಟಿಂಗಿನಲ್ಲಿ ಬ್ಯಾಟರಿ ರೀಜನ್ ಕರೆಂಟ್ (ಬ್ರೇಕ್ ಹಾಕಿದಾಗ ವಾಪಸ್ ಬರುವ ಕರೆಂಟ್) ನಿಮ್ಮ ಸೆಲ್ ತಡೆಯುವ ಚಾರ್ಜಿಂಗ್ ಕರೆಂಟಿನ ಮಿತಿಯೊಳಗೆ ಇರಲಿ. ಬ್ರೇಕ್ ತೊಂದರೆ ಒಮ್ಮೆ ಕಂಡ ಮೇಲೆ ಕಾರಣ ಸಿಗುವ ತನಕ ಬೋರ್ಡ್ ರಸ್ತೆಗೆ ಇಳಿಸಬೇಡಿ. ಕಾಲು ನೆಲಕ್ಕೆ ಉಜ್ಜಿ ನಿಲ್ಲಿಸುವುದನ್ನು ಸಪಾಟು ಮೈದಾನದಲ್ಲಿ ಹೆಲ್ಮೆಟ್ ಹಾಕಿ ಕಲಿತುಕೊಳ್ಳಿ. ಬ್ಯಾಟರಿ, ಬಿಎಂಎಸ್, ರಿಮೋಟ್ ಎಲ್ಲ ಒಟ್ಟಿಗೆ ಕೈ ಕೊಟ್ಟರೂ ಉಳಿಯುವ ಬ್ರೇಕ್ ಅದೊಂದೇ.

ರಿಮೋಟ್ ಆಗಾಗ ಕಟ್ ಆಗುತ್ತದೆ

ರಿಮೋಟ್ ಚಾರ್ಜ್ ಮಾಡಿ ನೋಡಿ. ಅರ್ಧಕ್ಕರ್ಧ ಕೇಸು ಅಲ್ಲೇ ಮುಗಿಯುತ್ತದೆ. ಮುಗಿಯದಿದ್ದರೆ ರಿಸೀವರ್ ಎಲ್ಲಿ ಕೂತಿದೆ ನೋಡಿ. ಅಲ್ಯೂಮಿನಿಯಂ ಡಬ್ಬಿಯ ಒಳಗೆ, ಕಾರ್ಬನ್ ಫೈಬರ್ ಕೆಳಗೆ, ಅಥವಾ ಫೇಸ್ ವೈರಿಗೆ ಒರಗಿ ಇದ್ದರೆ 2.4 ಗಿಗಾಹರ್ಟ್ಸ್ ಸಿಗ್ನಲ್ ತಲುಪುವುದು ಕಷ್ಟ. ಆಂಟೆನಾ ತುದಿಯನ್ನು ಪ್ಲಾಸ್ಟಿಕ್ ಅಥವಾ ಮರದ ಭಾಗಕ್ಕೆ ತನ್ನಿ.

ಚಕ್ರ ಮೇಲೆ ಮಾಡಿ, ಸ್ವಲ್ಪ ಥ್ರಾಟಲ್ ಕೊಟ್ಟು, ರಿಮೋಟನ್ನು ಆಫ್ ಮಾಡಿ. ಮೋಟರ್ ನಿಲ್ಲಬೇಕು. ಓಡುತ್ತಲೇ ಇದ್ದರೆ ಫೇಲ್‌ಸೇಫ್ (ಸಿಗ್ನಲ್ ಹೋದರೆ ಮೋಟರ್ ನಿಲ್ಲಿಸುವ ಏರ್ಪಾಡು) ಸೆಟ್ ಆಗಿಲ್ಲ. ಆ ಬೋರ್ಡಿನ ಮೇಲೆ ಯಾರೂ ಹತ್ತಬಾರದು.

ಬಿಸಿಲು, ದೂಳು, ಮಳೆ

ವಿಜಯಪುರದ ಕಡೆ ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ವಿಇಎಸ್‌ಸಿಯ ಮೂಲ ಸೆಟ್ಟಿಂಗಿನಲ್ಲಿ ಮಾಸ್‌ಫೆಟ್ 85 ಡಿಗ್ರಿಗೆ ಬಂದಾಗ ಶಕ್ತಿ ಇಳಿಸಲು ಶುರು ಮಾಡಿ 100ಕ್ಕೆ ಪೂರ್ತಿ ನಿಲ್ಲಿಸುತ್ತದೆ. ಹತ್ತು ನಿಮಿಷ ಓಡಿದ ಮೇಲೆ ಎಳೆತ ಕುಗ್ಗಿ, ನೆರಳಿನಲ್ಲಿ ನಿಲ್ಲಿಸಿದರೆ ಸರಿಹೋಗುವುದಾದರೆ ಕಾರಣ ಇದೇ. ಇಎಸ್‌ಸಿಯ ಲೋಹದ ತಟ್ಟೆ ಹೊರಗಿನ ಗಾಳಿಗೆ ತಾಗುವಂತೆ ಮಾಡಿ. ಓಡಿಸಿ ಬಂದ ಕೂಡಲೇ ಚಾರ್ಜಿಗೆ ಹಾಕಬೇಡಿ. ಪ್ಯಾಕ್ 45 ಡಿಗ್ರಿಗಿಂತ ಬಿಸಿ ಇರುವಾಗ ಚಾರ್ಜ್ ಮಾಡಿದರೆ ಸೆಲ್ ಆಯುಷ್ಯ ಕರಗುತ್ತದೆ.

ಬೆಳಗಾವಿಯಲ್ಲಿ ಜೂನ್ ಬಂತೆಂದರೆ ಮಳೆಯದ್ದೇ ಮಾತು. ನೆನೆದ ಬೋರ್ಡನ್ನು 'ಆನ್ ಆಗ್ತದೋ ನೋಡೋಣ' ಅಂತ ಒತ್ತಬೇಡಿ. ಕನೆಕ್ಟರ್ ಕಿತ್ತು, ಡಬ್ಬಿಯ ಮುಚ್ಚಳ ತೆಗೆದು, ಫ್ಯಾನಿನ ಗಾಳಿಗೆ ಇಡಿ. ಹೇರ್ ಡ್ರೈಯರ್ ಬಿಸಿ ಬೇಡ. ಒಂದೆರಡು ದಿನ ಬಿಟ್ಟು ನೋಡಿದಾಗ ಬಿಎಂಎಸ್ ಪಿನ್ನುಗಳ ನಡುವೆ ಹಸಿರು ಅಥವಾ ಬಿಳಿ ಪುಡಿ ಕಂಡರೆ, ಮೊದಲು ಗೊಂಚಲಿನ ಕನೆಕ್ಟರ್ ಕೀಳಿ, ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹಳೆಯ ಟೂತ್‌ಬ್ರಶ್‌ನಿಂದ ಉಜ್ಜಿ ಒಣಗಿಸಿ. ನೀರು ಪ್ಯಾಕಿನ ಸುತ್ತುಹಾಳೆಯ ಒಳಗೇ ಹೋಗಿದ್ದರೆ ಮನೆಯೊಳಗೆ ತರಬೇಡಿ. ಶಾರ್ಟ್ ಅದೇ ಹೊತ್ತಿಗೆ ಆಗಬೇಕೆಂದಿಲ್ಲ, ದಿನಗಳು ಕಳೆದ ಮೇಲೂ ಆಗಬಹುದು. ಬಾಗಲಕೋಟೆ, ವಿಜಯಪುರದ ಎರೆಮಣ್ಣಿನ ಕೆಸರಾದರೆ ಮೊದಲು ಒಣಗಲು ಬಿಡಿ, ಆಮೇಲೆ ಬ್ರಶ್ ಹಾಕಿ. ಪೈಪಿನ ನೀರು ಬಿಡಬೇಡಿ.

ಬೇರೆಯವರ ಹತ್ತಿರ ಒಯ್ಯುವಾಗ

ಪ್ಯಾಕಿನ ಒಳಗಿನ ಕೆಲಸ, ಮಾಸ್‌ಫೆಟ್ ಬದಲಾವಣೆ, ಮೋಟರ್ ಸುತ್ತು, ಈ ಮೂರನ್ನು ತಿಳಿದವರಿಗೆ ಬಿಡಿ. ಒಯ್ಯುವಾಗ ಒಂದು ಚೀಟಿಯಲ್ಲಿ ಇಷ್ಟು ಬರೆದಿಡಿ: ಪ್ಯಾಕ್ ಎಷ್ಟು ಎಸ್, ನಿಂತಾಗಿನ ವೋಲ್ಟ್, ಹತ್ತು ಗುಂಪುಗಳ ಅಂಕಿ, ತೊಂದರೆ ಏರಿನಲ್ಲೋ ಗುಂಡಿಯಲ್ಲೋ ನಿಂತಾಗಲೋ, ಆಗ ಲೈಟ್ ಉಳಿದಿತ್ತೋ ಆರಿತ್ತೋ. ವಿಇಎಸ್‌ಸಿ ಆಗಿದ್ದರೆ ತೊಂದರೆ ಬಂದ ಕೂಡಲೇ ಆಫ್ ಮಾಡುವ ಮೊದಲು ವಿಇಎಸ್‌ಸಿ ಟೂಲಿನ ಟರ್ಮಿನಲ್‌ನಲ್ಲಿ ಫಾಲ್ಟ್‌ಗಳ (ದೋಷಗಳ) ಪಟ್ಟಿ ತೆಗೆದು ಫೋಟೋ ಹೊಡೆದುಕೊಳ್ಳಿ. ಆಫ್ ಆದರೆ ಆ ಪಟ್ಟಿ ಅಳಿಸಿಹೋಗುತ್ತದೆ. ಪ್ಯಾಕನ್ನು 36-37 ವೋಲ್ಟಿನ ಆಸುಪಾಸಿಗೆ ಇಳಿಸಿ, ಔಟ್‌ಪುಟ್ ಕನೆಕ್ಟರಿಗೆ ಟೇಪ್ ಸುತ್ತಿ, ಬೇರೆ ಡಬ್ಬಿಯಲ್ಲಿ ಒಯ್ಯಿರಿ. ಸ್ಕೂಟರಿನ ಡಿಕ್ಕಿಯಲ್ಲಿ ಸ್ಪ್ಯಾನರ್, ಸ್ಕ್ರೂಡ್ರೈವರ್ ಜೊತೆ ಸೇರಿಸಿ ಹಾಕಬೇಡಿ.